ತುಪ್ಪ ಬಿಡುವ ಹೊತ್ತು

ಕುಂದಾಪುರದ ಕಡೆಯವರು ಊರು ಬಿಟ್ಟು ಬೆಂಗಳೂರಿಗೋ ಮುಂಬಯಿಗೋ ದುಬೈಗೋ ಹೋದ ಮೇಲೆ, ಒಂದಲ್ಲ ಒಂದು ಭಾನುವಾರ ಮನೆಯಲ್ಲೇ ಕೋಳಿ ಘೀ ರೋಸ್ಟ್ ಮಾಡಲು ಹೊರಡುತ್ತಾರೆ. ಬ್ಯಾಡಗಿ ಮೆಣಸು ಹುಡುಕಿ ತರುತ್ತಾರೆ. ತುಪ್ಪವನ್ನು ಊರಿನಿಂದಲೇ ಡಬ್ಬಿಯಲ್ಲಿ ತುಂಬಿಸಿಕೊಂಡು ಬಂದಿರುತ್ತಾರೆ. ಮನೆಗೆ ಫೋನ್ ಮಾಡಿ ಅಳತೆ ಕೇಳಿ ಬರೆದುಕೊಂಡಿರುತ್ತಾರೆ. ಮಾಡಿದ್ದನ್ನು ತಿಂದವರೆಲ್ಲ ಚೆನ್ನಾಗಿದೆ ಎಂದೇ ಹೇಳುತ್ತಾರೆ. ಮಾಡಿದವರಿಗೆ ಮಾತ್ರ ಗೊತ್ತಿರುತ್ತದೆ, ಇದು ಅದಲ್ಲ ಎಂದು. ಬಣ್ಣ ಸ್ವಲ್ಪ ಮಂಕು. ಮಸಾಲೆ ಕೋಳಿಗೆ ಅಂಟಿಕೊಳ್ಳದೆ ತಟ್ಟೆಯಲ್ಲಿ ಹರಡಿದೆ. ಬಾಯಿಗಿಟ್ಟರೆ ಖಾರ ಇದೆ, ಹುಳಿ ಇದೆ, ತುಪ್ಪವೂ ಇದೆ. ಊರಿನ ಹೋಟೆಲಿನಲ್ಲಿ ಅಪ್ಪನ ಪಕ್ಕ ಕೂತು ತಿಂದಾಗ ಬಾಗಿಲಲ್ಲೇ ಎದುರಾಗುತ್ತಿದ್ದ ಆ ಘಮ ಮಾತ್ರ ಇಲ್ಲ.

ಕಾರಣವನ್ನು ಎಲ್ಲರೂ ತಮಗೆ ತೋಚಿದಂತೆ ಹೇಳುತ್ತಾರೆ. ನೀರು ಬೇರೆ, ಕೋಳಿ ಬೇರೆ, ಕೈಗುಣ ಬೇರೆ, ಹೋಟೆಲಿನವರು ಏನೋ ಹಾಕುತ್ತಾರೆ. ಘೀ ರೋಸ್ಟ್ ಹುಟ್ಟಿದ್ದು ಕುಂದಾಪುರದ ಶೆಟ್ಟಿ ಲಂಚ್ ಹೋಂನಲ್ಲಿ ಎಂಬುದು ಊರಿನವರೂ ಪರವೂರಿನವರೂ ಒಪ್ಪುವ ಮಾತು. ಅಲ್ಲಿಂದ ಹೊರಟ ಈ ಖಾದ್ಯ ಈಗ ಬೈಂದೂರಿನಿಂದ ಬ್ರಹ್ಮಾವರದ ತನಕ ರಾಷ್ಟ್ರೀಯ ಹೆದ್ದಾರಿ 66ರ ಉದ್ದಕ್ಕೂ ಇರುವ ಮೀನು-ಮಾಂಸದ ಹೋಟೆಲುಗಳ ಬೋರ್ಡಿನಲ್ಲಿದೆ. ಸಿಗಡಿ, ಅಂಜಲ್, ಅಣಬೆ, ಪನೀರಿಗೂ ಅದೇ ಹೆಸರು ಅಂಟಿದೆ. ಇಷ್ಟು ಜನ, ಇಷ್ಟು ಅಡುಗೆಮನೆಗಳಲ್ಲಿ ಸಾಧಿಸುತ್ತಿರುವುದು ಗುಟ್ಟಿನ ಪುಡಿಯಿಂದ ಆಗುವ ಕೆಲಸವಲ್ಲ. ಅದರ ಹಿಂದೆ ಒಂದು ಭೌತಿಕ ನಿಯಮ ಇದೆ. ಅದನ್ನು ಅರಿತರೆ ಯಾವ ಊರಿನ ಒಲೆಯ ಮೇಲೂ ಆ ಘಮ ಏಳುತ್ತದೆ.

ನೆನಪು ಇರುವುದು ಮೂಗಿನಲ್ಲಿ

ಮೊದಲು, ಕಳೆದುಹೋದದ್ದು ಏನು ಎಂದು ಗುರುತಿಸಬೇಕು. ಮೂಗನ್ನು ಬೆರಳಿನಿಂದ ಒತ್ತಿ ಹಿಡಿದು ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಳ್ಳಿ. ಸಿಹಿ ಗೊತ್ತಾಗುತ್ತದೆ, ಬೆಲ್ಲ ಎಂದು ಗೊತ್ತಾಗುವುದಿಲ್ಲ. ಮೂಗು ಬಿಟ್ಟ ತಕ್ಷಣ ಬೆಲ್ಲ ಬೆಲ್ಲವಾಗುತ್ತದೆ. ನಾಲಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಮಾಂಸದ ಸಾರಿನಲ್ಲಿರುವಂಥ ಒಂದು ರಸಭರಿತ ರುಚಿ, ಇಷ್ಟೇ. ಉಳಿದದ್ದೆಲ್ಲ ವಾಸನೆ. ಅಗಿಯುವಾಗ ಆಹಾರದಿಂದ ಹಾರುವ ಅಣುಗಳು ಬಾಯಿಯ ಹಿಂಬದಿಯಿಂದ ಮೇಲೇರಿ ಮೂಗಿನ ಒಳಗಿನ ಗ್ರಾಹಕಗಳನ್ನು ಮುಟ್ಟುತ್ತವೆ. ನಾವು ಅದನ್ನು ನಾಲಗೆಯ ಲೆಕ್ಕಕ್ಕೆ ಬರೆದು ರುಚಿ ಎನ್ನುತ್ತೇವೆ.

ಈ ಗ್ರಾಹಕಗಳ ವಂಶವಾಹಿಗಳನ್ನು 1991ರಲ್ಲಿ ಪತ್ತೆ ಮಾಡಿದವರು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್. 2004ರ ನೊಬೆಲ್ ಪ್ರಶಸ್ತಿ ಅವರಿಗೆ ಬಂತು. ಮನುಷ್ಯರಲ್ಲಿ ಸುಮಾರು 400 ಬಗೆಯ ವಾಸನೆ ಗ್ರಾಹಕಗಳು ಕೆಲಸ ಮಾಡುತ್ತವೆ. ಅಲ್ಲಿಂದ ಹೊರಟ ಸಂಕೇತ ಮಿದುಳಿನಲ್ಲಿ ಭಾವನೆ ಮತ್ತು ನೆನಪಿನ ಭಾಗಗಳನ್ನು ಬಹಳ ಹತ್ತಿರದ ದಾರಿಯಲ್ಲಿ ತಲುಪುತ್ತದೆ; ಕಣ್ಣು, ಕಿವಿಯ ಸಂಕೇತಗಳಿಗೆ ಇಷ್ಟು ಚಿಕ್ಕ ದಾರಿ ಇಲ್ಲ. ಹಾಗಾಗಿ ಚಿಕ್ಕಂದಿನ ಊಟದ ನೆನಪು ಎಂದರೆ ಬಹುಪಾಲು ವಾಸನೆಯ ನೆನಪೇ. ಖಾರ ಹೆಚ್ಚಿಸಿ, ಹುಳಿ ಹೆಚ್ಚಿಸಿ, ತುಪ್ಪ ಹೆಚ್ಚಿಸಿ ಅದನ್ನು ಹಿಡಿಯಲು ಹೋದರೆ ಸಿಗುವುದಿಲ್ಲ. ಹುಡುಕಬೇಕಾದದ್ದು ಒಂದಷ್ಟು ಹಾರುವ ಅಣುಗಳನ್ನು. ಹಸಿ ಕೋಳಿಯಲ್ಲಿ ಅವು ಇಲ್ಲ, ತುಪ್ಪದ ಡಬ್ಬಿಯಲ್ಲಿ ಸ್ವಲ್ಪ ಮಾತ್ರ ಇವೆ. ಉಳಿದವು ಬಾಣಲೆಯಲ್ಲೇ ಹುಟ್ಟಬೇಕು.

ಕಂದಿಸುವ ಕ್ರಿಯೆ

ಫ್ರೆಂಚ್ ವಿಜ್ಞಾನಿ ಲೂಯಿ ಕಮಿಲ್ ಮಯಾರ್ ಅಡುಗೆಯ ಬಗ್ಗೆ ಯೋಚಿಸುತ್ತಿರಲಿಲ್ಲ. ಪ್ರೋಟೀನಿನ ಇಟ್ಟಿಗೆಗಳಾದ ಅಮೈನೋ ಆಮ್ಲಗಳು ಒಂದಕ್ಕೊಂದು ಹೇಗೆ ಕೂಡುತ್ತವೆ ಎಂದು ತಿಳಿಯಲು ಅವುಗಳನ್ನು ಸಕ್ಕರೆಯ ಜೊತೆ ಬಿಸಿ ಮಾಡುತ್ತಿದ್ದ. ದ್ರಾವಣ ಹಳದಿಯಾಗಿ, ಆಮೇಲೆ ಕಂದಾಗಿ, ಪರಿಮಳ ಬಿಡತೊಡಗಿತು. 1912ರಲ್ಲಿ ಅವನು ಅದನ್ನು ಪ್ರಕಟಿಸಿದ. (ಅಮೆರಿಕದ ವಿಲ್ಬರ್ ಸ್ಕೋವಿಲ್ ಮೆಣಸಿನ ಖಾರ ಅಳೆಯುವ ವಿಧಾನ ಪ್ರಕಟಿಸಿದ್ದೂ ಅದೇ ವರ್ಷ. ಘೀ ರೋಸ್ಟಿನ ಅರ್ಧ ವಿಜ್ಞಾನ ಒಂದೇ ವರ್ಷದಲ್ಲಿ ಬಂತು ಎನ್ನಬಹುದು.) ಮಯಾರ್ ಕಂಡದ್ದರ ಹಂತಗಳನ್ನು ಬಿಡಿಸಿ ಜೋಡಿಸಿಟ್ಟವನು ಅಮೆರಿಕದ ಜಾನ್ ಹಾಜ್, 1953ರಲ್ಲಿ.

ಮಯಾರ್ ಕ್ರಿಯೆ ಎಂದು ಹೆಸರಾದ ಇದನ್ನು ನಾವು ಇಲ್ಲಿ ಕಂದಿಸುವ ಕ್ರಿಯೆ ಎನ್ನೋಣ. ರೊಟ್ಟಿಯ ಮೇಲಿನ ಕಪ್ಪು ಚುಕ್ಕೆ, ಹುರಿದ ಕಾಫಿ ಬೀಜ, ದೋಸೆಯ ಕೆಂಪು ತಳ, ಕಾಯಿಸಿದ ತುಪ್ಪದ ಗಸಿ, ಎಲ್ಲದರ ಪರಿಮಳ ಅದರದ್ದೇ. ಒಂದು ಸಕ್ಕರೆ ಅಣು, ಒಂದು ಅಮೈನೋ ಆಮ್ಲ ಸೇರಿದಲ್ಲಿಂದ ಶುರುವಾಗಿ ನೂರಾರು ಹೊಸ ಅಣುಗಳು ಹುಟ್ಟುತ್ತವೆ. ಕೆಲವು ಹುರಿದ ಬೀಜದ ವಾಸನೆಯವು, ಕೆಲವು ಸುಟ್ಟ ಮಾಂಸದವು, ಕೆಲವು ಬೆಲ್ಲದ ಪಾಕದವು. ಕೋಳಿಯ ಮಾಂಸದಲ್ಲಿ ಎರಡೂ ಕಚ್ಚಾವಸ್ತು ಇವೆ. ಮೊಸರಿನಲ್ಲಿ ಹಾಲಿನ ಪ್ರೋಟೀನಿದೆ, ಹೆಪ್ಪಾದ ಮೇಲೂ ಉಳಿದ ಹಾಲಿನ ಸಕ್ಕರೆ ಇದೆ. ಬೆಳ್ಳುಳ್ಳಿಯಲ್ಲೂ ಎರಡೂ ಇವೆ.

ಆದರೆ ಈ ಕ್ರಿಯೆಗೆ ಕಾವು ಬೇಕು. ಕಡಿಮೆ ಕಾವಿನಲ್ಲೂ ಅದು ನಿಧಾನವಾಗಿ ನಡೆಯುತ್ತಿರುತ್ತದೆ, ವರ್ಷಗಟ್ಟಲೆ ಇಟ್ಟ ಹಾಲಿನ ಪುಡಿ ಹಳದಿಯಾಗುವುದು ಹಾಗೆಯೇ. ಊಟದ ಹೊತ್ತಿಗೆ ಮುಗಿಯಬೇಕಾದರೆ ಸುಮಾರು 140 ಡಿಗ್ರಿ ಸೆಲ್ಸಿಯಸ್ ದಾಟಬೇಕು. ನಮ್ಮ ಬಾಣಲೆ ಆ ಗೆರೆ ದಾಟಲು ಬಿಡದೆ ತಡೆಯುವುದು ನೀರು.

ಹಸಿ ಸೌದೆಯ ಒಲೆ

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ. ಬಚ್ಚಲ ಒಲೆಗೆ ಜುಲೈ ತಿಂಗಳಲ್ಲಿ ಬೆಂಕಿ ಹಾಕಿದವರಿಗೆ ಇದು ಗೊತ್ತು: ನೆನೆದ ಸೌದೆ ಎಷ್ಟು ಊದಿದರೂ ಹತ್ತಿಕೊಳ್ಳುವುದಿಲ್ಲ. ತುದಿಯಲ್ಲಿ ನೊರೆ ಬರುತ್ತದೆ, ಸುಂಯ್ ಎನ್ನುತ್ತದೆ, ಬಿಳಿ ಹೊಗೆ ಮನೆ ತುಂಬುತ್ತದೆ. ಕೆಳಗೆ ಕೆಂಡ ಸಾಕಷ್ಟು ಇದ್ದರೂ ಅದರ ಶಾಖವೆಲ್ಲ ಸೌದೆಯ ಒಳಗಿನ ನೀರನ್ನು ಆವಿ ಮಾಡುವುದಕ್ಕೇ ಖರ್ಚು. ನೀರು ಪೂರ್ತಿ ಹೋದ ಮೇಲೆ ಅದೇ ಸೌದೆ ಒಮ್ಮೆಗೇ ಧಗ್ಗನೆ ಹತ್ತಿಕೊಳ್ಳುತ್ತದೆ.

ಬಾಣಲೆಯೊಳಗೆ ನಡೆಯುವುದೂ ಅಕ್ಷರಶಃ ಅದೇ. ನೀರಿನ ಕಾವು 30 ಡಿಗ್ರಿಯಿಂದ 100ಕ್ಕೆ ಏರಲು ಎಷ್ಟು ಶಾಖ ಬೇಕೋ, ಕುದಿಯುವ ಅದೇ ನೀರು ಪೂರ್ತಿ ಆವಿಯಾಗಲು ಅದರ ಸುಮಾರು ಎಂಟರಷ್ಟು ಬೇಕು. ಅಷ್ಟು ಶಾಖ ಒಳಗೆ ಹೋಗುತ್ತಿದ್ದರೂ ಕಾವು 100 ಡಿಗ್ರಿಯಿಂದ ಮೇಲೇಳುವುದಿಲ್ಲ. ಉರಿ ಹೆಚ್ಚಿಸಿದರೆ ನೀರು ಬೇಗ ಕುದಿಯುತ್ತದೆ, ಹೆಚ್ಚು ಬಿಸಿಯಾಗುವುದಿಲ್ಲ. ಬೆಂಗಳೂರು ಎತ್ತರದಲ್ಲಿರುವುದರಿಂದ ಅಲ್ಲಿ ನೀರು ಕುದಿಯುವುದು 97 ಡಿಗ್ರಿಯ ಹತ್ತಿರ. ಆ ಮೂರು ಡಿಗ್ರಿಯ ಮೇಲೆ ತಪ್ಪು ಹೊರಿಸುವ ಹಾಗಿಲ್ಲ, ಗೆರೆ ಇರುವುದು 140ರಲ್ಲಿ.

ಈಗ ಬಾಣಲೆಯಲ್ಲಿ ಎಷ್ಟು ನೀರಿದೆ ನೋಡಿ. ಕೋಳಿಯ ಮಾಂಸದಲ್ಲಿ ನಾಲ್ಕರಲ್ಲಿ ಮೂರು ಪಾಲು ನೀರೇ. ಬಿಸಿ ತಾಗಿದೊಡನೆ ಮಾಂಸದ ಎಳೆಗಳು ಮುದುಡುತ್ತವೆ, ಒಳಗಿನ ರಸ ಹೊರಗೆ ಬರುತ್ತದೆ. ಒಂದು ಕಿಲೋ ಕೋಳಿ ಬೇಯುವಷ್ಟರಲ್ಲಿ ಕಾಲು ಕಿಲೋದಷ್ಟು ತೂಕ ಕಳೆದುಕೊಳ್ಳುವುದು ಸಾಮಾನ್ಯ. ಮೊಸರು ಬಹುಪಾಲು ನೀರು. ಮಸಾಲೆ ಕಡೆಯುವಾಗ ಮಿಕ್ಸಿ ತಿರುಗಲಿ ಎಂದು ಹಾಕಿದ್ದು ನೀರು. ಹುಣಸೆ ಹುಳಿ ಕಿವುಚಿದ್ದು ನೀರಿನಲ್ಲಿ. ಮುಕ್ಕಾಲು ಕಿಲೋ ಕೋಳಿಯ ಘೀ ರೋಸ್ಟಿನಲ್ಲಿ ಇವೆಲ್ಲ ಸೇರಿ 400 ಮಿಲಿಲೀಟರ್ ಎಂದಿಟ್ಟುಕೊಳ್ಳಿ. ಮನೆಯ ಗ್ಯಾಸ್ ಒಲೆಯ ದೊಡ್ಡ ಬರ್ನರಿನ ಶಕ್ತಿ ಸುಮಾರು 2 ಕಿಲೋವಾಟ್. ಅದರಲ್ಲೂ ಮೂರನೇ ಒಂದು ಪಾಲು ಪಾತ್ರೆಯ ಬದಿಯಿಂದ ಗಾಳಿಗೆ ಹೋಗುತ್ತದೆ. ಉಳಿದ ಶಾಖದಲ್ಲಿ ಆ ನೀರನ್ನು ಆವಿ ಮಾಡಲು ಉರಿ ಪೂರ್ತಿ ಇಟ್ಟರೂ 10-12 ನಿಮಿಷ ಬೇಕು, ನಡುವಣ ಉರಿಯಲ್ಲಿ ಅದರ ಎರಡರಷ್ಟು. ಅಷ್ಟು ಹೊತ್ತೂ ಕೋಳಿ ಬೇಯುತ್ತಿರುತ್ತದೆ, ರೋಸ್ಟ್ ಆಗುತ್ತಿರುವುದಿಲ್ಲ. ಮನೆಯಲ್ಲಿ ಬಹಳ ಮಂದಿ ಒಲೆ ಆರಿಸುವುದು ಇದೇ ಹಂತದಲ್ಲಿ. ಕೋಳಿ ಬೆಂದಿದೆ, ಮಸಾಲೆ ದಪ್ಪಗಾಗಿದೆ, ಮಕ್ಕಳಿಗೆ ಹಸಿವಾಗಿದೆ. ತಟ್ಟೆಗೆ ಬಂದದ್ದು ತುಪ್ಪ ಹಾಕಿದ ಒಳ್ಳೆಯ ಕೋಳಿ ಗಸಿ.

ಹೋಟೆಲಿನ ಭಟ್ಟಿಗೆ ಇದರ ಹಲವು ಪಟ್ಟು ಉರಿ ಇದೆ, ಅದು ನಿಜ. ಆದರೆ ಉರಿಗಿಂತ ದೊಡ್ಡ ವ್ಯತ್ಯಾಸ ಕ್ರಮದಲ್ಲಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ತುಪ್ಪವೇ ಯಾಕೆ

ಕರಾವಳಿಯ ಕೋಳಿ ಅಡುಗೆ ಎಂದರೆ ತೆಂಗಿನಕಾಯಿ. ಕೋಳಿ ಸಾರಿಗೆ ಕಾಯಿಹಾಲು, ಸುಕ್ಕಕ್ಕೆ ಹುರಿದ ಕಾಯಿತುರಿ. ಘೀ ರೋಸ್ಟಿನಲ್ಲಿ ಕಾಯಿ ಇಲ್ಲ, ಈರುಳ್ಳಿಯೂ ಇಲ್ಲ. ಎರಡೂ ನೀರು ಹೊತ್ತು ತರುವ ಸಾಮಗ್ರಿಗಳು ಎಂಬುದನ್ನು ಗಮನಿಸಿ. ಬೆಂಗಳೂರಿನ ಕೆಲವು ಹೋಟೆಲುಗಳಲ್ಲಿ ಪ್ರಮಾಣ ಹೆಚ್ಚಿಸಲು ಈರುಳ್ಳಿ ಅರೆದು ಹಾಕುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಸಿಹಿ ಬರುತ್ತದೆ, ರೋಸ್ಟ್ ಹೋಗುತ್ತದೆ.

ತುಪ್ಪದಲ್ಲಿ ನೀರು ಇಲ್ಲವೆನ್ನುವಷ್ಟು ಕಡಿಮೆ. ಭಾರತದ ಆಹಾರ ಗುಣಮಟ್ಟದ ನಿಯಮದ ಪ್ರಕಾರ ಬೆಣ್ಣೆಯಲ್ಲಿ ಶೇಕಡಾ 16ರವರೆಗೆ ನೀರು ಇರಬಹುದು, ತುಪ್ಪದಲ್ಲಿ ಶೇಕಡಾ ಅರ್ಧಕ್ಕಿಂತ ಹೆಚ್ಚು ಇರುವಂತಿಲ್ಲ. ಹಾಗಾಗಿ ತುಪ್ಪಕ್ಕೆ 100ರ ತಡೆ ಇಲ್ಲ. 200 ಡಿಗ್ರಿ ದಾಟಿದರೂ ಒಳ್ಳೆಯ ತುಪ್ಪ ಹೊಗೆಯಾಡುವುದಿಲ್ಲ. ಮಸಾಲೆಯ ಪ್ರತಿ ಕಣವನ್ನೂ ಸುತ್ತುವರಿದು, ಬಾಣಲೆಯ ತಳದ ಕಾವನ್ನು ಅದಕ್ಕೆ ಸಮವಾಗಿ ತಲುಪಿಸುತ್ತದೆ. ಒಣ ಬಾಣಲೆಯಲ್ಲಾದರೆ ತಳಕ್ಕೆ ತಾಗಿದ ಕಣ ಸೀದುಹೋಗುತ್ತದೆ, ಮೇಲಿನದು ಹಸಿಯಾಗಿಯೇ ಉಳಿಯುತ್ತದೆ.

ಇನ್ನೊಂದು ಕೆಲಸ ಬಣ್ಣದ್ದು. ಇದನ್ನು ಮನೆಯಲ್ಲೇ ಪರೀಕ್ಷಿಸಿ. ಎರಡು ಗಾಜಿನ ಲೋಟಗಳಲ್ಲಿ ಅರ್ಧರ್ಧ ಚಮಚ ಬ್ಯಾಡಗಿ ಮೆಣಸಿನ ಪುಡಿ ಹಾಕಿ. ಒಂದಕ್ಕೆ ಬಿಸಿ ನೀರು, ಇನ್ನೊಂದಕ್ಕೆ ಕೈ ಸುಡದಷ್ಟು ಬಿಸಿ ಇರುವ ತುಪ್ಪ ಹಾಕಿ ಕಲಕಿ, ಕಾಲು ಗಂಟೆ ಬಿಡಿ. ನೀರಿನ ಲೋಟದಲ್ಲಿ ಪುಡಿ ತಳಕ್ಕೆ ಕೂತು ಮೇಲಿನ ನೀರು ಕೊಳೆತ ಹುಲ್ಲಿನ ಬಣ್ಣಕ್ಕೆ ತಿರುಗಿರುತ್ತದೆ. ತುಪ್ಪದ ಲೋಟವನ್ನು ಬೆಳಕಿಗೆ ಹಿಡಿದರೆ ಅಂಚು ಕಿತ್ತಳೆ, ನಡು ಕಡುಕೆಂಪು, ತಳದವರೆಗೂ ಪಾರದರ್ಶಕ. ಮೆಣಸಿನ ಕೆಂಪಿಗೆ ಕಾರಣವಾದ ಕ್ಯಾಪ್ಸಾಂಥಿನ್ ಕ್ಯಾರೆಟ್ಟಿನ ಬಣ್ಣದ ಕುಟುಂಬಕ್ಕೆ ಸೇರಿದ್ದು. ಅದು ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ, 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಸುಕ್ಕು ಮೆಣಸಿನಲ್ಲಿ ಬಣ್ಣ ಬಹಳ, ಖಾರ ಕಡಿಮೆ. ಲಿಪ್‌ಸ್ಟಿಕ್, ಉಗುರುಬಣ್ಣಗಳ ತಯಾರಿಕೆಗೂ ಅದರ ಬಣ್ಣ ಹೋಗುತ್ತದೆ. ಊರಿನ ಅಡುಗೆಯವರು ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ನಾಲ್ಕು ಗಿಡ್ಡ ಮೆಣಸು ಎಂದು ಲೆಕ್ಕ ಹಾಕುವುದು ಇದಕ್ಕೇ.

ಖಾರದ ಅಣು ಕ್ಯಾಪ್ಸೈಸಿನ್ ಕೂಡ ಜಿಡ್ಡನ್ನೇ ಅರಸುತ್ತದೆ. ಅದಕ್ಕೆ ರುಚಿ ಎಂಬುದಿಲ್ಲ. ಬಿಸಿ ತಾಗಿದಾಗ ಎಚ್ಚರಿಸುವ ನರಗಳ ಬಾಗಿಲನ್ನೇ ಅದು ತೆರೆಯುತ್ತದೆ. ಆ ಬಾಗಿಲನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ತುಪ್ಪದಲ್ಲಿ ಕರಗಿದ ಖಾರ ನಾಲಗೆಗೆ ಒಮ್ಮೆಗೇ ಹೊಡೆಯದೆ ನಿಧಾನವಾಗಿ ಏರುತ್ತದೆ. ಖಾರ ಹೆಚ್ಚಾಯಿತೆಂದು ನೀರು ಕುಡಿದರೆ ಪ್ರಯೋಜನವಿಲ್ಲ, ಮಜ್ಜಿಗೆ ಕುಡಿಯಿರಿ.

ಘಮದ ಅಣುಗಳ ಬಹುಪಾಲೂ ಹೀಗೆಯೇ. ಕಂದಿಸುವ ಕ್ರಿಯೆಯಲ್ಲಿ ಹುಟ್ಟಿದ ಪರಿಮಳ ಗಾಳಿಗೆ ಹಾರಿಹೋಗದಂತೆ ಹಿಡಿದಿಟ್ಟುಕೊಂಡು ಬಾಯಿಯ ತನಕ ತರುವುದು ತುಪ್ಪ.

ತುಪ್ಪ ಬಿಡುವುದೆಂದರೆ

ಈಗ ಮುಖ್ಯ ಪ್ರಶ್ನೆ. ನೀರು ಪೂರ್ತಿ ಹೋಯಿತು, ಕಾವು 100ರ ಗೆರೆ ದಾಟಿತು ಎಂದು ಥರ್ಮಾಮೀಟರ್ ಇಲ್ಲದೆ ತಿಳಿಯುವುದು ಹೇಗೆ? ಊರಿನ ಅಡುಗೆಮನೆಯಲ್ಲಿ ಇದಕ್ಕೆ ಉತ್ತರ ಯಾವಾಗಲೋ ಸಿಕ್ಕಿದೆ. ನನ್ನ ಅಮ್ಮಮ್ಮ ಹೇಳುತ್ತಿದ್ದದ್ದು ಇಷ್ಟೇ: "ತುಪ್ಪ ಬಿಡ್ಲಿ ಮಾಣಿ, ನೀರ್ ಹಾಕ್ಬೇಡ."

ಅರೆದ ಮಸಾಲೆಯನ್ನು ಬಿಸಿ ತುಪ್ಪಕ್ಕೆ ಹಾಕಿ ತಿರುವಿದೊಡನೆ ತುಪ್ಪ ಕಾಣೆಯಾಗುತ್ತದೆ. ಅರ್ಧ ಬಟ್ಟಲು ತುಪ್ಪ ಎಲ್ಲಿ ಹೋಯಿತು ಎಂದು ಹೊಸಬರು ಗಾಬರಿಯಾಗಿ ಇನ್ನಷ್ಟು ಹಾಕುತ್ತಾರೆ. ಅದು ಎಲ್ಲಿಗೂ ಹೋಗಿಲ್ಲ. ಸೌಟಿನ ಏಟಿಗೆ ಸಣ್ಣ ಸಣ್ಣ ಹನಿಗಳಾಗಿ ಒಡೆದು ಮಸಾಲೆಯ ನೀರಿನೊಳಗೆ ಚದುರಿದೆ. ಮೊಸರಿನ ಪ್ರೋಟೀನು ಮತ್ತು ಮಸಾಲೆಯ ನುಣ್ಣನೆಯ ಕಣಗಳು ಪ್ರತಿ ಹನಿಯ ಮೇಲೂ ಪೊರೆಯಂತೆ ಕೂತು, ಒಂದು ಹನಿ ಇನ್ನೊಂದನ್ನು ಸೇರದಂತೆ ತಡೆದಿವೆ. ಬಾಣಲೆಯಲ್ಲಿ ಈಗ ಇರುವುದು ಮಂಕು ಇಟ್ಟಿಗೆ ಬಣ್ಣದ ಮುದ್ದೆ. ಬೆಳಕು ಲಕ್ಷಾಂತರ ಹನಿಗಳಿಗೆ ಬಡಿದು ಚೆದುರುವುದರಿಂದ ಆ ಮಂಕು, ಮೆಣಸಿನ ತಪ್ಪಲ್ಲ.

ನೀರು ಆವಿಯಾದಂತೆ ಹನಿಗಳ ನಡುವಿನ ಜಾಗ ಕಡಿಮೆಯಾಗುತ್ತದೆ. ಹನಿಗೆ ಹನಿ ಒತ್ತಿಕೊಳ್ಳುತ್ತದೆ. ಬಿಸಿಗೆ ಪ್ರೋಟೀನು ಗಟ್ಟಿಯಾಗಿ ಪೊರೆ ಹರಿಯುತ್ತದೆ. ಒಂದು ಹನಿ ಪಕ್ಕದ್ದನ್ನು ಸೇರುತ್ತದೆ, ಅದು ಮತ್ತೊಂದನ್ನು. ಕೊನೆಗೆ ಮುದ್ದೆಯ ಅಂಚಿನಲ್ಲಿ, ಬಾಣಲೆ ಸ್ವಲ್ಪ ಓರೆಯಾಗಿರುವ ಕಡೆ, ಕೆಂಪು ತುಪ್ಪದ ತೆಳ್ಳನೆಯ ಗೆರೆ ಕಾಣಿಸಿಕೊಳ್ಳುತ್ತದೆ. ಸೌಟಿನಿಂದ ಮಸಾಲೆಯನ್ನು ಒಂದು ಬದಿಗೆ ಎಳೆದರೆ ಖಾಲಿ ಜಾಗಕ್ಕೆ ತುಪ್ಪ ಮೆಲ್ಲಗೆ ಹರಿದು ಬರುತ್ತದೆ. ತುಪ್ಪ ಬಿಟ್ಟಿತು ಎಂದರೆ ಹನಿಗಳನ್ನು ಬೇರೆಯಾಗಿ ಹಿಡಿದಿಡುವಷ್ಟು ನೀರು ಇನ್ನು ಉಳಿದಿಲ್ಲ. ನೀರಿಲ್ಲದ ಕಡೆ ಕಾವು 100 ಡಿಗ್ರಿಯಲ್ಲಿ ನಿಲ್ಲುವುದಿಲ್ಲ. ಮಸಾಲೆ ಈಗ ತುಪ್ಪದ ಕಾವಿಗೆ ಏರುತ್ತದೆ, ಕಂದಿಸುವ ಕ್ರಿಯೆ ಶುರುವಾಗುತ್ತದೆ. ಆ ಕೆಂಪು ಗೆರೆಯೇ ಥರ್ಮಾಮೀಟರ್.

ಕಿವಿಗೂ ಇದು ಗೊತ್ತಾಗುತ್ತದೆ. ನೀರಿರುವಾಗ ಮಸಾಲೆ ಗುಳುಗುಳು ಎಂದು ಕುದಿಯುತ್ತದೆ, ದಪ್ಪ ಗುಳ್ಳೆಗಳು ಒಡೆದು ಕೈಗೆ ಸಿಡಿಯುತ್ತವೆ. ನೀರು ಮುಗಿಯುತ್ತ ಬಂದಂತೆ ಆ ಸದ್ದು ಅಡಗಿ ಸಣ್ಣಗೆ, ಒಂದೇ ಸಮನೆ ಚುರುಗುಡುವ ಸದ್ದು ಉಳಿಯುತ್ತದೆ. ಬೆಣ್ಣೆ ಕಾಯಿಸಿ ತುಪ್ಪ ಮಾಡಿದವರಿಗೆ ಇದು ಹೊಸದಲ್ಲ. ಬೆಣ್ಣೆಯ ನೀರು ಹೋಗುವ ತನಕ ಗದ್ದಲ, ಆಮೇಲೆ ಶಾಂತ, ಆಮೇಲೆ ಗಸಿ ಕೆಂಪಾಗಿ ಘಮ. ಒಂದು ಚಮಚ ತುಪ್ಪದ ಹಿಂದೆಯೂ ಇದೇ ಕ್ರಮ ನಡೆದಿರುತ್ತದೆ. ಕೈಗುಣ ಎನ್ನುವುದರ ದೊಡ್ಡ ಪಾಲು ಈ ಸದ್ದನ್ನೂ ಆ ಗೆರೆಯನ್ನೂ ಗುರುತಿಸುವ ಅಭ್ಯಾಸ ಎಂದು ನಾನು ನಂಬುತ್ತೇನೆ. ಅದನ್ನು ಕಲಿಯಬಹುದು, ಕಲಿಸಬಹುದು.

ತುಪ್ಪ ಬಿಟ್ಟ ಮೇಲಿನ ನಾಲ್ಕೈದು ನಿಮಿಷದಲ್ಲಿ ಎಲ್ಲ ನಡೆಯುತ್ತದೆ. ಬೆಳ್ಳುಳ್ಳಿಯ ಹಸಿ ವಾಸನೆ ಹೋಗುತ್ತದೆ. ಇಟ್ಟಿಗೆ ಬಣ್ಣ ಕಡುಗೆಂಪಾಗುತ್ತದೆ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಒಂದೊಂದಾಗಿ ತಿಳಿಯುತ್ತಿದ್ದದ್ದು ಸೇರಿ ಒಂದೇ ಘಮವಾಗುತ್ತದೆ. ಉರಿ ಸಣ್ಣ ಮಾಡಿ ಬಿಡದೆ ತಿರುವುತ್ತಿರಬೇಕು. ಕಾವಲು ಕಾಯುತ್ತಿದ್ದ ನೀರು ಈಗ ಇಲ್ಲ. ಅರೆ ನಿಮಿಷ ಬೆನ್ನು ತಿರುಗಿಸಿದರೆ ಸೀದು ಕಹಿಯಾಗುತ್ತದೆ, ಮೆಣಸಿನ ಕೆಂಪೂ ಕೆಡುತ್ತದೆ.

ತಳ ಹಿಡಿಯತೊಡಗಿದರೆ ಒಂದೆರಡು ಚಮಚ ನೀರು ಚಿಮುಕಿಸುವುದುಂಟು. ಅದು ತಪ್ಪಲ್ಲ. ತಳಕ್ಕೆ ಅಂಟಿದ ಕಂದು ಪದರದಲ್ಲೇ ಪರಿಮಳ ಹೆಚ್ಚು ಇರುವುದು; ಆ ಚೂರು ನೀರು ಅದನ್ನು ಬಿಡಿಸಿ ಮಸಾಲೆಗೆ ಮರಳಿಸಿ, ಕ್ಷಣದಲ್ಲಿ ಆವಿಯಾಗಿ ಹೋಗುತ್ತದೆ. ಅರ್ಧ ಲೋಟ ಸುರಿದರೆ ಮಾತ್ರ ಕಾವು 100ಕ್ಕೆ ಇಳಿದು, ತುಪ್ಪ ಮತ್ತೆ ಹನಿಯಾಗಿ ಚದುರಿ, ಕೆಲಸ ಮೊದಲಿನಿಂದ ಶುರುವಾಗಬೇಕು.

ಎರಡು ಕೆಲಸ, ಎರಡು ಹೊತ್ತು

ಹೋಟೆಲಿನ ಕ್ರಮದ ಗುಟ್ಟು ಈಗ ತಾನಾಗಿ ಬಿಚ್ಚಿಕೊಳ್ಳುತ್ತದೆ. ಅಲ್ಲಿ ಸಾಮಾನ್ಯವಾಗಿ ಕೋಳಿಯನ್ನು ಮೊದಲೇ ಬೇಯಿಸಿ ಇಟ್ಟಿರುತ್ತಾರೆ. ಮಸಾಲೆಯನ್ನು ಬೇರೆಯಾಗಿ, ದೊಡ್ಡ ಬಾಣಲೆಯಲ್ಲಿ, ತುಪ್ಪ ಬಿಡುವ ತನಕ ಹುರಿದು ತೆಗೆದಿಟ್ಟಿರುತ್ತಾರೆ. ಗಿರಾಕಿ ಕೇಳಿದಾಗ ಒಂದು ಪ್ಲೇಟಿನಷ್ಟು ಕೋಳಿ, ಒಂದು ಸೌಟು ಮಸಾಲೆ, ಇನ್ನೊಂದಿಷ್ಟು ತುಪ್ಪ, ಕರಿಬೇವು ದೊಡ್ಡ ಉರಿಯಲ್ಲಿ ಸೇರುತ್ತವೆ. ನೀರು ಕಳೆಯುವ ಕೆಲಸ ಆಗಲೇ ಮುಗಿದಿದೆ. ಬೆಂಕಿಯ ಪೂರ್ತಿ ಶಕ್ತಿ ರೋಸ್ಟಿಗೆ ಸಿಗುತ್ತದೆ. ಮನೆಯಲ್ಲಿ ನಾವು ಹಸಿ ಕೋಳಿಯನ್ನು ಹಸಿ ಮಸಾಲೆಯ ಜೊತೆ ಒಂದೇ ಪಾತ್ರೆಗೆ ಹಾಕಿ, ಎರಡನ್ನೂ ಒಂದೇ ಸಣ್ಣ ಉರಿಯ ಮೇಲೆ ಬಿಡುತ್ತೇವೆ.

ಮನೆಯಲ್ಲೂ ಬೇರ್ಪಡಿಸಬಹುದು. ಮೊಸರು, ಅರಿಸಿನ, ಉಪ್ಪು, ನಿಂಬೆರಸ ಹಚ್ಚಿ ನೆನೆದ ಕೋಳಿಯನ್ನು ಅಗಲವಾದ ಪಾತ್ರೆಯಲ್ಲಿ ಸ್ವಲ್ಪ ತುಪ್ಪದೊಂದಿಗೆ, ಹೊರಗಿನ ನೀರು ಹಾಕದೆ, ಅದು ಬಿಟ್ಟ ರಸದಲ್ಲೇ ಬೇಯಿಸಿ. ಮುಕ್ಕಾಲು ಬೆಂದಾಗ ತುಂಡುಗಳನ್ನು ತೆಗೆದಿಟ್ಟು, ಉಳಿದ ರಸವನ್ನು ಪಾಯಸದಷ್ಟು ದಪ್ಪಕ್ಕೆ ಇಂಗಿಸಿ. ಆ ರಸವನ್ನು ಚೆಲ್ಲಬೇಡಿ. ಕೋಳಿಯಿಂದ ಹೊರಬಂದ ಅಮೈನೋ ಆಮ್ಲ, ಸಕ್ಕರೆಗಳೆಲ್ಲ ಅದರಲ್ಲೇ ಇವೆ. ಇನ್ನೊಂದು ಒಲೆಯಲ್ಲಿ ದಪ್ಪ ಕಬ್ಬಿಣದ ಬಾಣಲೆ. ಕಬ್ಬಿಣ ಕಾವನ್ನು ಹಿಡಿದಿಟ್ಟುಕೊಳ್ಳುತ್ತದೆ, ತಣ್ಣಗಿನ ಮಸಾಲೆ ಬಿದ್ದಾಗ ಥಟ್ಟನೆ ಆರುವುದಿಲ್ಲ. ಮಸಾಲೆ ತುಪ್ಪ ಬಿಟ್ಟು ಕೆಂಪಾದ ಮೇಲೆ ಇಂಗಿಸಿದ ರಸ, ಅದು ಮತ್ತೆ ಒಣಗಿ ತುಪ್ಪ ಬಿಟ್ಟ ಮೇಲೆ ಕೋಳಿ. ಒಮ್ಮೆಗೆ ಅರ್ಧ ಕಿಲೋಗಿಂತ ಹೆಚ್ಚು ಬೇಡ. ತುಂಡುಗಳು ಒಂದರ ಮೇಲೊಂದು ಕೂತರೆ ಕೆಳಗಿನ ಆವಿ ಹೊರಗೆ ಹೋಗಲು ದಾರಿ ಇಲ್ಲದೆ ಎಲ್ಲ ಮತ್ತೆ ಬೇಯತೊಡಗುತ್ತದೆ. ಮುಚ್ಚಳ ಮುಚ್ಚಬಾರದು ಎನ್ನುವುದಕ್ಕೂ ಕಾರಣ ಅದೇ.

ಮೆಣಸು, ಕೊತ್ತಂಬರಿ, ಮೆಂತೆಯನ್ನು ಕಡೆಯುವ ಮೊದಲು ಹುರಿಯುವುದು ಮೆಣಸು ಗರಿಗರಿಯಾಗುವಷ್ಟು ಮಾತ್ರ. ಮಳೆಗಾಲದಲ್ಲಿ ಮೆಣಸು ತೇವ ಎಳೆದುಕೊಂಡಿರುತ್ತದೆ, ಸ್ವಲ್ಪ ಹೆಚ್ಚು ಹೊತ್ತು ಬೇಕು. ಕಡೆಯಲು ನೀರಿನ ಬದಲು ಮೊಸರಿನ ಪಾಲನ್ನೇ ಬಳಸಿದರೆ ಮುಂದೆ ಅಷ್ಟು ನೀರು ಕಳೆಯುವ ಶ್ರಮ ಉಳಿಯಿತು.

ಬೆಲ್ಲ ಕೊನೆಗೆ. ಬೆಲ್ಲದ ಸಕ್ಕರೆ ಹುಣಸೆಯ ಹುಳಿಯಲ್ಲಿ ಬಿಸಿಯಾದಾಗ ಎರಡು ಸಣ್ಣ ಸಕ್ಕರೆಗಳಾಗಿ ಒಡೆಯುತ್ತದೆ, ಕಂದಿಸುವ ಕ್ರಿಯೆಗೆ ಸಿದ್ಧವಾಗಿ ಒದಗುವುದು ಆ ಸಣ್ಣವೇ. ಮೊದಲೇ ಹಾಕಿದರೆ ಅವು ಕೋಳಿಗಿಂತ ಮುಂಚೆ ಸೀಯುತ್ತವೆ. ಹುಳಿ ಹೆಚ್ಚಾದರೆ ಕಂದಿಸುವ ಕ್ರಿಯೆ ನಿಧಾನವಾಗುತ್ತದೆ. ಹುಣಸೆಯನ್ನು ಗಟ್ಟಿಯಾಗಿ ಕಿವುಚಿ ಸ್ವಲ್ಪವೇ ಹಾಕುವುದು ಒಳ್ಳೆಯದು.

ಕೆಂಡದ ಮೇಲೆ

ಅಂಗಳದಲ್ಲಿ ಇದ್ದಿಲಿನ ಗ್ರಿಲ್ ಇಟ್ಟುಕೊಂಡವರು, ಮುಖ್ಯವಾಗಿ ಹೊರದೇಶದಲ್ಲಿರುವವರು, ಘೀ ರೋಸ್ಟನ್ನು ಅದರ ಮೇಲೆ ಮಾಡಬಹುದೇ ಎಂದು ಕೇಳುತ್ತಾರೆ. ಮಾಡಬಹುದು, ಆದರೆ ಮಸಾಲೆ ಹಚ್ಚಿದ ಕೋಳಿಯನ್ನು ಸರಳಿನ ಮೇಲೆ ಇಟ್ಟರೆ ತುಪ್ಪ ಕೆಂಡಕ್ಕೆ ತೊಟ್ಟಿಕ್ಕಿ ಉರಿ ಎದ್ದು, ಮೆಣಸು ಸೀದು ಹೋಗುತ್ತದೆ. ಗ್ರಿಲ್ಲಿನ ಒಳ್ಳೆಯ ಗುಣ ಬೇರೆ ಇದೆ. ಸರಳಿನ ಮೇಲೆ ತುಂಡಿನ ಸುತ್ತ ಗಾಳಿಯಾಡುತ್ತದೆ, ಹೊರಬಂದ ರಸ ಕೆಳಗೆ ಬೀಳುತ್ತದೆ, ಕೆಂಡದ ಝಳ ನೇರ ಮೇಲ್ಮೈಗೆ ತಾಗುತ್ತದೆ. ಹಾಗಾಗಿ ಮೇಲ್ಮೈಯ ನೀರು ಬಹಳ ಬೇಗ ಹೋಗಿ ಕಂದಾಗುತ್ತದೆ. ಉಪ್ಪು, ಅರಿಸಿನ, ನಿಂಬೆ ಮಾತ್ರ ಹಚ್ಚಿದ ಕೋಳಿಯನ್ನು ಒರೆಸಿ ಒಣಗಿಸಿ ಸುಟ್ಟುಕೊಳ್ಳಿ. ಅದೇ ಕೆಂಡದ ಮೇಲೆ ಕಬ್ಬಿಣದ ಬಾಣಲೆಯಿಟ್ಟು ಮಸಾಲೆ ತುಪ್ಪ ಬಿಡಿಸಿ, ಸುಟ್ಟ ತುಂಡುಗಳನ್ನು ಅದರಲ್ಲಿ ಹೊರಳಿಸಿ. ಹೊಗೆಯ ವಾಸನೆ ಸೇರುವುದರಿಂದ ಇದು ಹೋಟೆಲಿನ ಘೀ ರೋಸ್ಟ್ ಆಗುವುದಿಲ್ಲ. ಆದರೆ ಒಲೆಯ ಮೇಲೆ ನೀರಿನಲ್ಲಿ ಬೆಂದದ್ದಕ್ಕಿಂತ ಇದು ಊರಿನ ರುಚಿಗೆ ಹತ್ತಿರ.

ಜೊತೆಗೆ ನೀರು ದೋಸೆ

ಇದರ ಜೊತೆ ನೀರು ದೋಸೆ ಯಾಕೆ ಇಷ್ಟು ಹೊಂದುತ್ತದೆ ಎಂಬುದಕ್ಕೂ ವಿವರಣೆ ಇಲ್ಲೇ ಇದೆ. ಅಕ್ಕಿಯನ್ನು ನುಣ್ಣಗೆ ಕಡೆದು, ಮಜ್ಜಿಗೆಯಷ್ಟು ತೆಳ್ಳಗೆ ಮಾಡಿದ ಹಿಟ್ಟು ಬಹುಪಾಲು ನೀರೇ. ಕಾವಲಿಗೆ ಹೊಯ್ದೊಡನೆ ನೀರು ಆವಿಯಾಗಿ ಸಣ್ಣ ತೂತುಗಳನ್ನು ಬಿಡುತ್ತದೆ. ಮುಚ್ಚಳ ಮುಚ್ಚಿದ್ದರಿಂದ ಆವಿ ಒಳಗೇ ಸುತ್ತಿ ಮೇಲ್ಭಾಗವನ್ನು ಬೇಯಿಸುತ್ತದೆ. ಕಾವು 100 ದಾಟುವ ಮೊದಲೇ ದೋಸೆ ತೆಗೆಯುತ್ತೇವೆ, ಮಗುಚುವುದಿಲ್ಲ. ಹುದುಗಿಸದ ಹಿಟ್ಟು, ಪ್ರೋಟೀನೂ ಸಕ್ಕರೆಯೂ ಕಡಿಮೆ, ಮೇಲಿಂದ ನೀರಿನ ತಡೆ. ಕಂದುವುದಕ್ಕೆ ಇಲ್ಲಿ ಯಾವ ಅವಕಾಶವೂ ಇಲ್ಲ. ಅದಕ್ಕೆ ತನ್ನದೇ ಘಮ ಇಲ್ಲದಿರುವುದರಿಂದ ತಟ್ಟೆಯಲ್ಲಿರುವ ಘಮವೆಲ್ಲ ಘೀ ರೋಸ್ಟಿನದೇ ಆಗುತ್ತದೆ, ಆ ತೂತುಗಳು ಕೆಂಪು ತುಪ್ಪವನ್ನು ಹೀರಿಕೊಳ್ಳುತ್ತವೆ.

ಮಿಕ್ಕಿದ ಘೀ ರೋಸ್ಟನ್ನು ಮರುದಿನ ಬಿಸಿ ಮಾಡುವಾಗ ಮೈಕ್ರೋವೇವ್ ಬೇಡ. ಅದು ಒಳಗಿನ ನೀರನ್ನೇ ಕುದಿಸಿ ಮಸಾಲೆಯನ್ನು ಮೆತ್ತಗೆ ಮಾಡುತ್ತದೆ. ಕಾವಲಿಯ ಮೇಲೆ, ನೀರು ಸೇರಿಸದೆ, ಮುಚ್ಚದೆ, ಗಟ್ಟಿಯಾದ ತುಪ್ಪ ಕರಗಿ ಅಂಚಿನಲ್ಲಿ ಮತ್ತೆ ಕೆಂಪಗೆ ಕಾಣುವ ತನಕ ಬಿಸಿ ಮಾಡಿ, ನಾಲ್ಕು ಎಲೆ ಕರಿಬೇವು ಹಾಕಿ ಇಳಿಸಿ.